ಕಾರವಾರದಲ್ಲಿ 100, ಶಿರಸಿಯಲ್ಲಿ 98: ಒತ್ತಡ ಇಳಿದರೆ ನೀರು ಬೇಗ ಕುದಿಯುವುದೇಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ಕುಮಟಾ ಕಡೆಯಿಂದ ಶಿರಸಿಗೆ ಮನೆ ಬದಲಾಯಿಸಿದವರು, ವಿಜ್ಞಾನ ಮೇಳಕ್ಕೆ ತಯಾರಾಗುವ ಹೈಸ್ಕೂಲು ಮಕ್ಕಳು, ತೋಟದ ಪಂಪು ನೀರೆತ್ತದೆ ಬೇಸತ್ತವರು. ಇವರೆಲ್ಲ ಬೇರೆ ಬೇರೆ ಮಾತಿನಲ್ಲಿ ಕೇಳುವುದು ಹೆಚ್ಚುಕಡಿಮೆ ಒಂದೇ ವಿಷಯ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ. ಕೆಲವು ಉದ್ದ, ಕೆಲವು ಗಿಡ್ಡ.

ನೀರು 100 ಡಿಗ್ರಿಗೆ ಕುದಿಯುತ್ತದೆ ಅಂತ ಶಾಲೆಯಲ್ಲಿ ಕಲಿತದ್ದು ಸುಳ್ಳಾ?

ಸುಳ್ಳಲ್ಲ, ಅರ್ಧ ಮಾತು. ಸಮುದ್ರ ಮಟ್ಟದಲ್ಲಿ, ಗಾಳಿಯ ಒತ್ತಡ 1013 ಹೆಕ್ಟೋಪ್ಯಾಸ್ಕಲ್ ಇದ್ದಾಗ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ಹಳೇ ಲೆಕ್ಕದಲ್ಲಿ ಅದು ಪಾದರಸದ 760 ಮಿಲಿಮೀಟರ್. ಕಾರವಾರದ ಟಾಗೋರ್ ಕಡಲತೀರದಲ್ಲಿ ಒಲೆ ಹೂಡಿದರೆ ಪಾಠದ ಪುಸ್ತಕ ಹೇಳಿದ ಹಾಗೇ ಆಗುತ್ತದೆ. ಅಲ್ಲಿಂದ ಎತ್ತರಕ್ಕೆ ಹೋದಷ್ಟೂ ಈ ಅಂಕಿ ಇಳಿಯುತ್ತದೆ.

ಬಿಸಿ ಮಾಡುವುದು ಬೆಂಕಿ. ಒತ್ತಡಕ್ಕೆ ಇಲ್ಲೇನು ಕೆಲಸ?

ನೀರಿನ ಕಣಗಳು ಯಾವಾಗಲೂ ಹೊರಗೆ ಹಾರಲು ನೋಡುತ್ತಿರುತ್ತವೆ. ಬಿಸಿ ಜಾಸ್ತಿಯಾದಷ್ಟೂ ಈ ತಳ್ಳಾಟ ಜಾಸ್ತಿ. ಇದನ್ನು ಆವಿಯ ಒತ್ತಡ ಅನ್ನುತ್ತಾರೆ. ಮೇಲಿನಿಂದ ಗಾಳಿ ನೀರನ್ನು ಅದುಮುತ್ತಿರುತ್ತದೆ. ತಳದಲ್ಲಿ ಒಂದು ಆವಿಗುಳ್ಳೆ ಹುಟ್ಟಿದರೆ ಗಾಳಿಯ ಒತ್ತಡ ಅದನ್ನು ಹಿಚುಕಿಬಿಡುತ್ತದೆ. ಆವಿಯ ಒತ್ತಡ ಹೊರಗಿನ ಒತ್ತಡಕ್ಕೆ ಸಮವಾದ ಕ್ಷಣ ಗುಳ್ಳೆ ಉಳಿದುಕೊಳ್ಳುತ್ತದೆ, ಬೆಳೆಯುತ್ತದೆ, ಮೇಲೇಳುತ್ತದೆ. ಅದೇ ಕುದಿತ.

ಹಾಗಾಗಿ ನೀರನ್ನು ಕುದಿಸಲು ದಾರಿ ಎರಡು. ಬೆಂಕಿ ಜಾಸ್ತಿ ಮಾಡಿ, ಇಲ್ಲವೇ ಅದುಮುವುದನ್ನು ಕಡಿಮೆ ಮಾಡಿ. 80 ಡಿಗ್ರಿ ನೀರಿನ ಆವಿಯ ಒತ್ತಡ ಸುಮಾರು 474 ಹೆಕ್ಟೋಪ್ಯಾಸ್ಕಲ್. ಸುತ್ತಲಿನ ಒತ್ತಡವನ್ನು ಅಷ್ಟಕ್ಕೆ ಇಳಿಸಿದರೆ ಅದು 80ಕ್ಕೇ ಕುದಿಯುತ್ತದೆ. 60 ಡಿಗ್ರಿಗೆ ಬೇಕಾದದ್ದು ಸುಮಾರು 199. ನಮ್ಮ ಕರಾವಳಿಯ ಕೊಡದಲ್ಲಿರುವ 30 ಡಿಗ್ರಿಯ ನೀರು ಕೂಡ 42 ಹೆಕ್ಟೋಪ್ಯಾಸ್ಕಲ್‌ಗೆ ಇಳಿಸಿದರೆ ಕೊತಕೊತ ಅನ್ನುತ್ತದೆ.

ಪಾತ್ರೆ ಬೆಚ್ಚಗಾಗುತ್ತಲೇ ಸಣ್ಣ ಗುಳ್ಳೆಗಳು ಏಳುತ್ತವಲ್ಲ, ಅದು ಕುದಿತವಾ?

ಅಲ್ಲ. ಅದು ನೀರಿನಲ್ಲಿ ಕರಗಿದ್ದ ಗಾಳಿ. ನೀರು ಬಿಸಿಯಾದಂತೆ ಹೊರಬೀಳುತ್ತದೆ, ಅಷ್ಟೇ.

ಶಿರಸಿಯಲ್ಲಿ ಸರಿಯಾಗಿ ಎಷ್ಟು ಡಿಗ್ರಿಗೆ ಕುದಿಯುತ್ತದೆ?

ಶಿರಸಿ ಸಮುದ್ರ ಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ 945 ಹೆಕ್ಟೋಪ್ಯಾಸ್ಕಲ್ ಆಸುಪಾಸು. ನೀರು ಕುದಿಯುವುದು 98 ಡಿಗ್ರಿಗೆ. ಬಾಯಿಲೆಕ್ಕ ಬೇಕಿದ್ದರೆ, 300 ಮೀಟರ್ ಏರಿದರೆ ಒಂದು ಡಿಗ್ರಿ ಇಳಿಯುತ್ತದೆ ಅಂದುಕೊಳ್ಳಿ. ಸಾಧಾರಣ ಎತ್ತರಗಳಿಗೆ ಇದು ಸಾಕು.

ಬೆಂಗಳೂರಿನಲ್ಲಿ ಸುಮಾರು 97. ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಹತ್ತಿರ ಹತ್ತಿರ 93.5. ಲೇಹ್‌ನಲ್ಲಿ 88. ಎವರೆಸ್ಟ್ ತುದಿಯಲ್ಲಿ 71ರ ಆಸುಪಾಸು.

ಹಾಗಾದರೆ ಶಿರಸಿಯಲ್ಲಿ ಬೇಳೆ ಬೇಯದಿರುವುದಕ್ಕೆ ಎತ್ತರವೇ ಕಾರಣ ಅಲ್ವಾ?

ಇಲ್ಲಪ್ಪ. ಎತ್ತರದ ಮೇಲೆ ಸುಮ್ನೆ ಗೂಬೆ ಕೂರಿಸುವುದು ಬೇಡ. ಕುದಿಯುವ ನೀರು ತಣ್ಣಗಿದ್ದಷ್ಟೂ ಬೇಯಲು ತಡವಾಗುವುದು ನಿಜ. ಹತ್ತು ಡಿಗ್ರಿ ಇಳಿದರೆ ಹೆಚ್ಚುಕಡಿಮೆ ದುಪ್ಪಟ್ಟು ಹೊತ್ತು ಅಂತ ಒಂದು ಒರಟು ಲೆಕ್ಕವಿದೆ. ಆದರೆ ಶಿರಸಿಯಲ್ಲಿ ಇಳಿಯುವುದು ಎರಡೇ ಡಿಗ್ರಿ. ಕಾರವಾರದಲ್ಲಿ ತೆರೆದ ಪಾತ್ರೆಯಲ್ಲಿ ಮುಕ್ಕಾಲು ಗಂಟೆ ತೆಗೆದುಕೊಳ್ಳುವ ಕುಚಲಕ್ಕಿ ಶಿರಸಿಯಲ್ಲಿ ಏಳೆಂಟು ನಿಮಿಷ ಜಾಸ್ತಿ ಕೇಳಬಹುದು.

ಬೇಳೆ ಗಂಟೆಗಟ್ಟಲೆ ಬೇಯುತ್ತಿಲ್ಲ ಅಂದರೆ ಬೇರೆ ಕಡೆ ನೋಡಿ. ಬೇಳೆ ಹಳೆಯದಾಗಿರಬಹುದು. ನೀರು ಗಡಸಾಗಿರಬಹುದು. ಹುಳಿಯನ್ನು ಮೊದಲೇ ಹಾಕಿಬಿಟ್ಟಿರಬಹುದು. ಹುಳಿ ಬಿದ್ದ ಮೇಲೆ ಬೇಳೆಯಾಗಲಿ ತರಕಾರಿಯಾಗಲಿ ಮೆತ್ತಗಾಗುವುದು ನಿಧಾನ. ಅನುಭವಸ್ಥ ಅಜ್ಜಿಯರು ಬೇಳೆ ಬೆಂದ ಮೇಲೆಯೇ ಹುಳಿ ಹಾಕುವುದು ಇದೇ ಕಾರಣಕ್ಕೆ.

ಒಲೆ ಜೋರು ಮಾಡಿದರೆ ಆ ಎರಡು ಡಿಗ್ರಿ ಸಿಗುವುದಿಲ್ಲವಾ?

ಸಿಗುವುದಿಲ್ಲ. ಕುದಿ ಬಂದ ಮೇಲೆ ಕೊಟ್ಟ ಶಾಖವೆಲ್ಲ ನೀರನ್ನು ಹಬೆ ಮಾಡಲು ಹೋಗುತ್ತದೆ. ಉಷ್ಣತೆ ಅಲ್ಲೇ ನಿಲ್ಲುತ್ತದೆ. ಗ್ಯಾಸು ಖರ್ಚು, ನೀರೂ ಖರ್ಚು. ಉರಿ ಸಣ್ಣದು ಮಾಡಿ ಮುಚ್ಚಳ ಹಾಕಿದರೂ ಅನ್ನ ಅಷ್ಟೇ ಹೊತ್ತಿಗೆ ಬೇಯುತ್ತದೆ.

ಪ್ರೆಶರ್ ಕುಕ್ಕರ್ ಇದೇ ತತ್ವದ ಉಲ್ಟಾ ಅಲ್ವಾ?

ಹೌದು. ಹಬೆಯನ್ನು ಕೂಡಿಹಾಕಿ ಒತ್ತಡ ಏರಿಸುವುದು. ಮೇಲಿನ ವೇಟು ಎತ್ತಿಕೊಳ್ಳುವ ಹೊತ್ತಿಗೆ ಒಳಗಿನ ಒತ್ತಡ ಹೊರಗಿನದರ ಸುಮಾರು ಎರಡು ಪಟ್ಟು. ಅಲ್ಲಿ ನೀರು ಕುದಿಯುವುದು 120 ಡಿಗ್ರಿ ಆಸುಪಾಸಿನಲ್ಲಿ. ಫ್ರಾನ್ಸಿನ ಡೆನಿಸ್ ಪಾಪಿನ್ ಇಂಥ ಪಾತ್ರೆಯನ್ನು 1679ರಲ್ಲೇ ಲಂಡನ್ನಿನಲ್ಲಿ ತೋರಿಸಿದ್ದ.

ಒಂದು ಸಣ್ಣ ಸಂಗತಿ. ವೇಟು ಕಾಯುವುದು ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸವನ್ನು. ಹೊರಗಿನ ಒತ್ತಡವೇ ಕಡಿಮೆ ಇರುವ ಶಿರಸಿಯಲ್ಲಿ ಕುಕ್ಕರಿನ ಒಳಗೂ ಅಷ್ಟೇ ಕಡಿಮೆ. ಉಷ್ಣತೆಯಲ್ಲಿ ಒಂದು ಡಿಗ್ರಿ ವ್ಯತ್ಯಾಸ. ಅದಕ್ಕೆ ಇನ್ನೊಂದು ಕೂಗು ಹೆಚ್ಚಿಗೆ ಕೂಗಿಸಬೇಕಾಗಿಲ್ಲ.

ಒತ್ತಡ ಇಳಿದರೆ ಏನಾಗುತ್ತದೆ ಅನ್ನುವುದನ್ನು ಕುಕ್ಕರ್ ದಿನವೂ ತೋರಿಸುತ್ತದೆ, ನಾವು ಗಮನಿಸುವುದಿಲ್ಲ. ಅವಸರಕ್ಕೆ ಕುಕ್ಕರನ್ನು ನಲ್ಲಿಯ ಕೆಳಗೆ ಹಿಡಿಯುತ್ತೇವಲ್ಲ, ಆಗ ಒಳಗೆ ಗೊಳಗೊಳ ಸದ್ದು ಕೇಳುತ್ತದೆ. ತಣ್ಣೀರು ಬಿದ್ದು ಒಳಗಿನ ಹಬೆ ನೀರಾಗುತ್ತದೆ. ಒತ್ತಡ ದಬಕ್ಕನೆ ಬೀಳುತ್ತದೆ. ಬೇಳೆಯ ನೀರು ಇನ್ನೂ 110 ಡಿಗ್ರಿಯಲ್ಲಿದೆ, ಆದರೆ ಈಗ ಅಷ್ಟು ಬಿಸಿಯಲ್ಲಿ ನೀರಾಗಿ ಇರಲು ಬೇಕಾದ ಒತ್ತಡ ಇಲ್ಲ. ಹಾಗಾಗಿ ಉರಿ ಇಲ್ಲದೆಯೂ ಕುದಿಯುತ್ತದೆ. ಸೌಟಿನ ತುದಿಯಲ್ಲಿ ವೇಟು ಎತ್ತಿದಾಗ ಬೇಳೆ ಗೋಡೆಗೆ ಸಿಡಿಯುವುದೂ ಇದರಿಂದಲೇ. ಇನ್ನು ಕುಕ್ಕರ್ ಪೂರ್ತಿ ತಣಿದ ಮೇಲೆ ಕೆಲವೊಮ್ಮೆ ಮುಚ್ಚಳ ಕಚ್ಚಿಕೊಂಡು ಕೂರುತ್ತದೆ. ಒಳಗೆ ಒತ್ತಡ ಹೊರಗಿಗಿಂತ ಕಡಿಮೆಯಾಗಿರುತ್ತದೆ. ವೇಟು ತೆಗೆದರೆ ಗಾಳಿ ಒಳಗೆ ಹೋಗಿ ಸಡಿಲವಾಗುತ್ತದೆ.

ಮಳೆಗಾಲದಲ್ಲಿ ವಾಯುಭಾರ ಕುಸಿತ ಅಂತಾರೆ. ಆಗಲೂ ನೀರು ಬೇಗ ಕುದಿಯುತ್ತಾ?

ಕುದಿಯುತ್ತದೆ, ಆದರೆ ನಿಮಗೆ ಗೊತ್ತಾಗುವುದಿಲ್ಲ. 100 ಡಿಗ್ರಿಯ ಹತ್ತಿರ, ಒತ್ತಡ ಸುಮಾರು 36 ಹೆಕ್ಟೋಪ್ಯಾಸ್ಕಲ್ ಇಳಿದರೆ ಕುದಿಬಿಂದು ಒಂದು ಡಿಗ್ರಿ ಇಳಿಯುತ್ತದೆ. ಆಷಾಢದ ಜಡಿಮಳೆಯಲ್ಲಿ ನಮ್ಮ ಕರಾವಳಿಯ ಒತ್ತಡ ಅಷ್ಟೆಲ್ಲ ಇಳಿಯುವುದಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕಡಲ ಮೇಲೆ ಹಾದುಹೋಯಿತಲ್ಲ. ಅಂಥ ದೊಡ್ಡ ಚಂಡಮಾರುತದ ನಡುಮಧ್ಯೆ ಒತ್ತಡ 950ಕ್ಕೆ ಇಳಿದರೆ ಅಲ್ಲಿ ನೀರು ಸುಮಾರು 98ಕ್ಕೆ ಕುದಿಯುತ್ತದೆ. ಶಿರಸಿಯಲ್ಲಿ ದಿನವೂ ಕುದಿಯುವುದು ಅಷ್ಟಕ್ಕೇ.

98 ಡಿಗ್ರಿಗೆ ಕುದಿದ ನೀರು ಕುಡಿಯಲು ಸುರಕ್ಷಿತವಾ?

ಧಾರಾಳವಾಗಿ. ರೋಗ ತರುವ ಸೂಕ್ಷ್ಮಜೀವಿಗಳು 100ರವರೆಗೆ ಕಾಯುವುದಿಲ್ಲ, ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಸಾಯುತ್ತವೆ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ಸುಮಾರು 2000 ಮೀಟರಿಗಿಂತ ಎತ್ತರದ ಊರುಗಳಲ್ಲಿ ಮೂರು ನಿಮಿಷ ಕುದಿಸಿ ಅನ್ನುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅಂಥ ಎತ್ತರವೇ ಇಲ್ಲ.

ಬಾವಿಯ ಪಂಪು ಏಪ್ರಿಲ್‌ನಲ್ಲಿ ಕರಕರ ಸದ್ದು ಮಾಡುತ್ತದೆ, ನೀರೂ ಸರಿಯಾಗಿ ಬರುವುದಿಲ್ಲ. ಇದಕ್ಕೂ ಕುದಿತಕ್ಕೂ ಸಂಬಂಧ ಇದೆ ಅಂತಾರಲ್ಲ?

ಇದೆ. ನನ್ನ ಪ್ರಕಾರ ಘಟ್ಟದ ಮೇಲಿನ ತೋಟದವರಿಗೆ ಈ ಇಡೀ ವಿಷಯದಲ್ಲಿ ನಿಜವಾಗಿ ಉಪಯೋಗಕ್ಕೆ ಬರುವ ಭಾಗ ಇದು. ಅನ್ನದ ಎರಡು ಡಿಗ್ರಿ ಬಿಡಿ, ಇಲ್ಲಿ ದುಡ್ಡು ಹೋಗುತ್ತದೆ.

ದಂಡೆಯ ಮೇಲಿಟ್ಟ ಪಂಪು ನೀರನ್ನು ಎಳೆಯುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಅದು ಮಾಡುವುದು ಸಕ್ಷನ್ ಪೈಪಿನ ಒಳಗೆ ಒತ್ತಡ ಇಳಿಸುವ ಕೆಲಸ ಮಾತ್ರ. ನೀರನ್ನು ಮೇಲಕ್ಕೆ ತಳ್ಳುವುದು ಬಾವಿಯ ಮೇಲೆ ಕೂತ ಗಾಳಿಯ ಒತ್ತಡ. ಆ ಗಾಳಿಗೆ ಇರುವ ತಾಕತ್ತು ಕಾರವಾರದಲ್ಲಿ 10.3 ಮೀಟರ್ ನೀರಿನ ಕಂಬವನ್ನು ಎತ್ತುವಷ್ಟು. ಶಿರಸಿಯಲ್ಲಿ ಸುಮಾರು 9.6 ಮೀಟರ್. ಎಷ್ಟೇ ದೊಡ್ಡ ಮೋಟರ್ ಕೂರಿಸಿದರೂ ಇದಕ್ಕಿಂತ ಮೇಲೆ ಬರುವುದಿಲ್ಲ. ಪೈಪಿನ ಉಜ್ಜಾಟ, ಬೆಂಡುಗಳು, ಪೈಪಿನ ತಳದ ಫುಟ್‌ವಾಲ್ವ್ ಇವೆಲ್ಲ ತಿಂದು ಉಳಿಯುವುದು ಏಳು ಮೀಟರ್ ಸುಮಾರು.

ಜನವರಿಯಲ್ಲಿ ಬಾವಿಯ ನೀರು ಮೇಲಿರುತ್ತದೆ, ಪಂಪು ಆರಾಮಾಗಿ ಓಡುತ್ತದೆ. ಏಪ್ರಿಲ್ ಹೊತ್ತಿಗೆ ನೀರು ಕೆಳಗೆ ಹೋಗುತ್ತದೆ. ಪಂಪಿನ ಬಾಯಲ್ಲಿ ಒತ್ತಡ ಇಳಿದು ಇಳಿದು, ಬಾವಿಯ ತಣ್ಣಗಿನ ನೀರು ಅಲ್ಲೇ ಕುದಿಯತೊಡಗುತ್ತದೆ. ಇಂಪೆಲ್ಲರ್, ಅಂದರೆ ಪಂಪಿನೊಳಗೆ ತಿರುಗುವ ಚಕ್ರ, ಅದನ್ನು ಒತ್ತಡ ಇರುವ ಕಡೆಗೆ ಎಸೆಯುತ್ತಲೇ ಆ ಆವಿಗುಳ್ಳೆಗಳು ಪಟ್ಟನೆ ಕುಸಿಯುತ್ತವೆ. ಕುಸಿಯುವಾಗ ಲೋಹಕ್ಕೆ ಬೀಳುವ ಹೊಡೆತವೇ ಆ ಸದ್ದು. ಪಂಪಿನೊಳಗೆ ಜಲ್ಲಿ ಹಾಕಿ ಅಲುಗಾಡಿಸಿದ ಹಾಗೆ ಕೇಳುತ್ತದೆ. ಹಾಗೇ ಓಡಿಸಿದರೆ ಇಂಪೆಲ್ಲರಿನ ಮೈಯೆಲ್ಲ ಕುಳಿ ಬೀಳುತ್ತದೆ. ಇದನ್ನು ಕ್ಯಾವಿಟೇಶನ್ ಅನ್ನುತ್ತಾರೆ.

ಮಾಡಬೇಕಾದದ್ದು ಏನು? ಪಂಪನ್ನು ನೀರಿನ ಹತ್ತಿರಕ್ಕೆ ಇಳಿಸಿ. ಹಳೇ ಬಾವಿಗಳಲ್ಲಿ ಒಳಗೆ ಮೆಟ್ಟಿಲು ಬಿಟ್ಟು ಅಲ್ಲಿ ಪಂಪು ಕೂರಿಸುವುದು ಸುಮ್ನೆ ಅಲ್ಲ. ಸಕ್ಷನ್ ಪೈಪು ದಪ್ಪ ಇರಲಿ, ಬೆಂಡು ಕಡಿಮೆ ಇರಲಿ, ಫುಟ್‌ವಾಲ್ವಿನ ಜಾಲರಿಗೆ ಎಲೆ ಕಟ್ಟಿಕೊಳ್ಳದ ಹಾಗೆ ನೋಡಿಕೊಳ್ಳಿ. ಸಕ್ಷನ್ ಕಡೆ ವಾಲ್ವ್ ತಿರುಗಿಸಿ ನೀರು ಕಡಿಮೆ ಮಾಡಲು ಹೋಗಬೇಡಿ, ಕಡಿಮೆ ಮಾಡುವುದಿದ್ದರೆ ಡೆಲಿವರಿ ಕಡೆ ಮಾಡಿ. ಬಾವಿ ಇನ್ನೂ ಆಳ ಇದ್ದರೆ ಸಬ್‌ಮರ್ಸಿಬಲ್ ಒಂದೇ ನೆಟ್ಟಗಿನ ದಾರಿ. ಅದು ನೀರೊಳಗೇ ಕೂತು ಕೆಳಗಿನಿಂದ ತಳ್ಳುತ್ತದೆ, ಈ ಮಿತಿ ಅದಕ್ಕಿಲ್ಲ.

ಹಾಗಂತ ಪಂಪು ನೀರೆತ್ತದಿದ್ದಾಗೆಲ್ಲ ಕ್ಯಾವಿಟೇಶನ್ ಅನ್ನಬೇಡಿ. ಮೊದಲು ಪೈಪಿನ ಜಾಯಿಂಟುಗಳಲ್ಲಿ ಗಾಳಿ ಎಳೆಯುತ್ತಿದೆಯಾ ನೋಡಿ. ಬಹಳ ಸಲ ತಪ್ಪು ಅಲ್ಲೇ ಇರುತ್ತದೆ.

ಮೀನುಗಾರಿಕೆ ಬೋಟಿನ ಫ್ಯಾನಿನಲ್ಲೂ ಅಂಥ ಕುಳಿ ಕಾಣುತ್ತದಲ್ಲ?

ಅಲ್ಲೂ ಇದೇ ಕಾರಣ ಇರಬಹುದು. ಫ್ಯಾನು, ಅಂದರೆ ಪ್ರೊಪೆಲ್ಲರ್, ಜೋರಾಗಿ ತಿರುಗುವಾಗ ಎಲೆಯ ಒಂದು ಮಗ್ಗುಲಲ್ಲಿ ಒತ್ತಡ ತುಂಬಾ ಇಳಿಯುತ್ತದೆ. ವಾತಾವರಣದ ಒತ್ತಡದ ಇಪ್ಪತ್ತೈದನೇ ಒಂದು ಭಾಗಕ್ಕೆ ಹತ್ತಿರವಾದರೆ ಅರಬ್ಬೀ ಸಮುದ್ರದ ಬೆಚ್ಚಗಿನ ನೀರು ಕುದಿಯುತ್ತದೆ. ಇಂಗ್ಲೆಂಡಿನ ಚಾರ್ಲ್ಸ್ ಪಾರ್ಸನ್ಸ್ 1894ರಲ್ಲಿ ಟರ್ಬೀನಿಯಾ ಅನ್ನುವ ಹಡಗು ಕಟ್ಟಿದಾಗ ಇದೇ ತೊಂದರೆಯಿಂದ ಅದು ಮೊದಲು ವೇಗವನ್ನೇ ಹಿಡಿಯಲಿಲ್ಲ. ಎಲ್ಲ ಕುಳಿಯೂ ಕುದಿತದ್ದಲ್ಲ ಅನ್ನುವುದು ನೆನಪಿರಲಿ. ಉಪ್ಪುನೀರಿನಲ್ಲಿ ಲೋಹ ಸವೆಯಲು ಬೇರೆ ಕಾರಣಗಳೂ ಇವೆ.

ಅರಬೈಲ್ ಘಟ್ಟ, ದೇವಿಮನೆ ಘಟ್ಟ ಏರುವಾಗ ಲಾರಿಗಳು ಕುದಿಯುವುದು ಎತ್ತರದಿಂದಲಾ?

ಮುಖ್ಯ ಕಾರಣ ಎತ್ತರ ಅಲ್ಲ, ಭಾರ ಮತ್ತು ಏರು. ಆದರೆ ರೇಡಿಯೇಟರ್ ಕೆಲಸ ಮಾಡುವುದು ಒತ್ತಡದಲ್ಲೇ. ಮುಚ್ಚಳದ ಸ್ಪ್ರಿಂಗ್ ಒಳಗಿನ ನೀರನ್ನು ಅದುಮಿ ಇಟ್ಟು 100 ದಾಟಿದರೂ ಕುದಿಯದಂತೆ ತಡೆಯುತ್ತದೆ. ಬಿಸಿ ಇರುವಾಗ ಮುಚ್ಚಳ ತಿರುಗಿಸಿದರೆ ಒತ್ತಡ ಒಮ್ಮೆಲೇ ಹೋಗುತ್ತದೆ, ನೀರೆಲ್ಲ ಕುದಿದು ಮುಖಕ್ಕೆ ಎರಚುತ್ತದೆ. ಇಂಜಿನ್ ಬಂದ್ ಮಾಡಿ, ಚೆನ್ನಾಗಿ ತಣಿಯಲು ಬಿಡಿ. ಅಲ್ಲಿಯವರೆಗೆ ಮುಚ್ಚಳ ಮುಟ್ಟಬೇಡಿ.

ಸಮುದ್ರದ ನೀರು ಎಷ್ಟಕ್ಕೆ ಕುದಿಯುತ್ತದೆ? ಸಾಣಿಕಟ್ಟಾದಲ್ಲಿ ಉಪ್ಪು ಮಾಡಲು ಕುದಿಸುವುದಿಲ್ಲವಲ್ಲ?

ಉಪ್ಪು ಕರಗಿದ ನೀರು ಸ್ವಲ್ಪ ತಡವಾಗಿ ಕುದಿಯುತ್ತದೆ. ಸಮುದ್ರದ ನೀರಿಗೆ ಅರ್ಧ ಡಿಗ್ರಿ ಚಿಲ್ಲರೆ ಜಾಸ್ತಿ. ಅಡುಗೆಗೆ ಹಾಕುವ ಚಿಟಿಕೆ ಉಪ್ಪಿನಿಂದ ಏನೂ ಆಗುವುದಿಲ್ಲ.

ಸಾಣಿಕಟ್ಟಾದ ಗದ್ದೆಗಳಲ್ಲಿ ಆಗುವುದು ಕುದಿತ ಅಲ್ಲ, ಒಣಗುವಿಕೆ. ಒಣಗುವಾಗ ಕಣಗಳು ಮೇಲ್ಮೈಯಿಂದ ಮಾತ್ರ ಹೋಗುತ್ತವೆ. ಅದಕ್ಕೆ ಬಿಸಿಲು, ಗಾಳಿ ಸಾಕು, ಯಾವ ಉಷ್ಣತೆಯಲ್ಲೂ ಆಗುತ್ತದೆ. ಕುದಿತದಲ್ಲಿ ನೀರಿನ ಹೊಟ್ಟೆಯೊಳಗೇ ಆವಿ ಹುಟ್ಟುತ್ತದೆ.

ಹಡಗಿನವರು ಮಾತ್ರ ಕಡಲನೀರನ್ನು ಕುದಿಸಿಯೇ ಸಿಹಿನೀರು ಮಾಡುವುದುಂಟು. ಅಲ್ಲಿ ಒತ್ತಡ ಇಳಿಸುವ ಜಾಣತನ ಬಳಸುತ್ತಾರೆ. ಪಾತ್ರೆಯೊಳಗಿನ ಗಾಳಿ ತೆಗೆದು 40, 50 ಡಿಗ್ರಿಗೆಲ್ಲ ಕುದಿಯುವಂತೆ ಮಾಡುತ್ತಾರೆ. ಇಂಜಿನ್ ತಣಿಸಿ ಬಂದ ಬಿಸಿನೀರೇ ಉರಿಯಾಗುತ್ತದೆ, ಪ್ರತ್ಯೇಕ ಎಣ್ಣೆ ಸುಡಬೇಕಾಗಿಲ್ಲ. ಕಡಿಮೆ ಬಿಸಿಯಾದ್ದರಿಂದ ಪೈಪಿಗೆ ಸುಣ್ಣದ ಹೊಪ್ಪಳೆ ಕಟ್ಟುವುದೂ ಕಡಿಮೆ.

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು?

ಶುರುವಿನಲ್ಲಿ ನೀರಿನ ಹಾಗೇ ಕುದಿಯುತ್ತದೆ. ನೀರು ಹೋಗಿ ಸಕ್ಕರೆಯ ಪಾಲು ಏರಿದಂತೆ ಕುದಿಬಿಂದುವೂ ಏರುತ್ತದೆ. ಜೋನಿ ಬೆಲ್ಲಕ್ಕೆ 105, 106 ಡಿಗ್ರಿ ಆಸುಪಾಸಿನಲ್ಲಿ ಇಳಿಸುತ್ತಾರೆ. ಅಚ್ಚುಬೆಲ್ಲಕ್ಕೆ 118ರವರೆಗೆ ಹೋಗಬೇಕು. ಪಾಕ ನೋಡಿ ಹೇಳುವವರಿಗೆ ಥರ್ಮಾಮೀಟರ್ ಬೇಕಾಗಿಲ್ಲ ಬಿಡಿ.

ಸಕ್ಕರೆ ಕಾರ್ಖಾನೆಯವರು ಇದೇ ರಸವನ್ನು ಗಾಳಿ ತೆಗೆದ ಪಾತ್ರೆಯಲ್ಲಿ, ಎಷ್ಟೋ ಕಡಿಮೆ ಬಿಸಿಯಲ್ಲಿ ಕುದಿಸುತ್ತಾರೆ. 1810ರ ದಶಕದಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಹೋವರ್ಡ್ ತಂದ ವಿಧಾನ ಅದು. ಸಕ್ಕರೆ ಸೀಯುವುದಿಲ್ಲ, ಬಿಳಿಯಾಗಿ ಉಳಿಯುತ್ತದೆ. ಜೋನಿ ಬೆಲ್ಲದ ಬಣ್ಣ, ಘಮ ಬರುವುದು ಆ ಜಾಸ್ತಿ ಬಿಸಿಯಿಂದಲೇ. ದೋಸೆಗೆ ಯಾವುದು ಬೇಕು ಅಂತ ಶಿರಸಿಯವರನ್ನು ಕೇಳಬೇಕಾಗಿಲ್ಲ.

ಕೈಗಾದಲ್ಲಿ ನೀರು ಎಷ್ಟಕ್ಕೆ ಕುದಿಯುತ್ತದೆ?

ಅಲ್ಲಿ ಎರಡೂ ತುದಿ ಸಿಗುತ್ತವೆ. ರಿಯಾಕ್ಟರಿನ ಶಾಖ ಹೊತ್ತು ತರುವ ಭಾರಜಲ ಸುಮಾರು 290 ಡಿಗ್ರಿ ಬಿಸಿ ಇದ್ದರೂ ದ್ರವವಾಗಿಯೇ ಇರುತ್ತದೆ. ವಾತಾವರಣದ ಒತ್ತಡದ ಸುಮಾರು 80 ಪಟ್ಟು ಅದುಮಿ ಇಟ್ಟಿರುತ್ತಾರೆ. ಆ ಶಾಖದಿಂದ ಬೇರೆ ಕೊಳವೆಗಳ ಮಾಮೂಲಿ ನೀರು ಹಬೆಯಾಗಿ ಟರ್ಬೈನ್ ತಿರುಗಿಸುತ್ತದೆ. ಕೆಲಸ ಮುಗಿಸಿದ ಹಬೆ, ಅದನ್ನು ತಣಿಸಿ ಮತ್ತೆ ನೀರು ಮಾಡುವ ಕಂಡೆನ್ಸರ್‌ಗೆ ಬರುತ್ತದೆ. ಇಂಥ ಟರ್ಬೈನುಗಳ ಕಂಡೆನ್ಸರ್ ಒಳಗೆ ಒತ್ತಡ ಹೊರಗಿನದರ ಹತ್ತನೇ ಒಂದು ಭಾಗ, ಇಲ್ಲವೇ ಇನ್ನೂ ಕಡಿಮೆ. ಅಲ್ಲಿ ಹಬೆ 40, 45 ಡಿಗ್ರಿಯಲ್ಲೂ ಹಬೆಯಾಗಿಯೇ ಇರಬಲ್ಲದು. ಅಷ್ಟು ಕೆಳಗಿನವರೆಗೂ ಅದರಿಂದ ಕೆಲಸ ತೆಗೆಯಬಹುದು. ತಣಿಸಲು ನೀರು ಕಾಳಿ ನದಿಯ ಕದ್ರಾ ಜಲಾಶಯದಿಂದ.

ವಿಜ್ಞಾನ ಮೇಳದಲ್ಲಿ ತೋರಿಸಲು ಸುಲಭದ ಪ್ರಯೋಗ ಇದೆಯಾ?

ಸೂಜಿ ಇಲ್ಲದ ದೊಡ್ಡ ಸಿರಿಂಜ್ ತನ್ನಿ. 60, 70 ಡಿಗ್ರಿ ಬಿಸಿನೀರನ್ನು ಕಾಲುಭಾಗ ಎಳೆದುಕೊಳ್ಳಿ. ತುದಿ ಮೇಲೆ ಮಾಡಿ ಒಳಗಿನ ಗಾಳಿ ಪೂರ್ತಿ ಹೊರಗೆ ಹಾಕಿ. ಈಗ ತುದಿಯನ್ನು ರಬ್ಬರ್ ಮುಚ್ಚಳದಿಂದ ಬಿಗಿಯಾಗಿ ಮುಚ್ಚಿ, ದಂಡವನ್ನು ಜೋರಾಗಿ ಹಿಂದಕ್ಕೆ ಎಳೆಯಿರಿ. ನೀರು ಕುದಿಯುತ್ತದೆ. ಬಿಟ್ಟರೆ ನಿಲ್ಲುತ್ತದೆ. ತೀರ್ಪುಗಾರರು ಗ್ಯಾರಂಟಿ ಕೇಳುವ ಪ್ರಶ್ನೆ ಇದು: ಆ ಗುಳ್ಳೆ ಗಾಳಿಯದ್ದಲ್ಲ ಅಂತ ಹೇಗೆ ಹೇಳುತ್ತೀರಿ? ಕುದಿಸಿ ಆರಿಸಿದ ನೀರನ್ನೇ ಬಳಸಿ, ಅದರಲ್ಲಿ ಕರಗಿದ ಗಾಳಿ ತೀರಾ ಕಡಿಮೆ. ಪಕ್ಕದಲ್ಲಿ ತಣ್ಣೀರು ತುಂಬಿದ ಇನ್ನೊಂದು ಸಿರಿಂಜನ್ನೂ ಎಳೆದು ತೋರಿಸಿ. ಅದರಲ್ಲಿ ಅಷ್ಟು ಜೋರು ಕುದಿ ಕಾಣುವುದಿಲ್ಲ. ಬಿಸಿನೀರು ತುಂಬುವ ಕೆಲಸ ಮಾತ್ರ ಮೇಷ್ಟ್ರೇ ಮಾಡಲಿ.

ಹಾಗೆ ಕುದಿಯುವ ನೀರು ಕೈ ಸುಡುತ್ತಾ?

30 ಡಿಗ್ರಿಗೆ ಕುದಿಯುತ್ತಿದ್ದರೆ 30 ಡಿಗ್ರಿಯಷ್ಟೇ ಬಿಸಿ. ಅಷ್ಟೇ ಅಲ್ಲ, ಕುದಿಯುತ್ತಾ ಕುದಿಯುತ್ತಾ ಅದು ತಣ್ಣಗಾಗುತ್ತದೆ. ಆವಿಯಾಗಲು ಬೇಕಾದ ಶಾಖವನ್ನು ಉಳಿದ ನೀರಿನಿಂದಲೇ ಕಿತ್ತುಕೊಳ್ಳುತ್ತದೆ. ಗಾಳಿಯನ್ನು ತೆಗೆಯುತ್ತಾ ಹೋದರೆ ಕೊನೆಗೆ ಹೆಪ್ಪುಗಟ್ಟುತ್ತದೆ. ಸ್ಕಾಟ್ಲೆಂಡಿನ ಜಾನ್ ಲೆಸ್ಲಿ 1810ರಲ್ಲಿ ಹೀಗೇ ಮಂಜುಗಡ್ಡೆ ಮಾಡಿದ್ದ.

ಇದನ್ನು ಮೊದಲು ಕಂಡವರು ಯಾರು?

ರಾಬರ್ಟ್ ಬಾಯ್ಲ್ ಗಾಳಿ ತೆಗೆಯುವ ಪಂಪಿನಲ್ಲಿ ಬೆಚ್ಚಗಿನ ನೀರು ಕುದಿಯುವುದನ್ನು ಕಂಡು 1660ರಲ್ಲಿ ಬರೆದ. 1742ರಲ್ಲಿ ತನ್ನ ಅಳತೆ ಮುಂದಿಟ್ಟ ಆಂಡರ್ಸ್ ಸೆಲ್ಸಿಯಸ್‌ಗೂ ಇದು ಗೊತ್ತಿತ್ತು. ಅವನ ಅಳತೆಯಲ್ಲಿ ಕುದಿಯುವುದು ಸೊನ್ನೆ, ಹೆಪ್ಪುಗಟ್ಟುವುದು 100. ಆಮೇಲೆ ಅದು ತಿರುವುಮುರುವು ಆಯಿತು.

ನನಗೆ ಇಷ್ಟವಾಗುವುದು ಕುಮಾವೂಂನ ನೈನ್ ಸಿಂಗ್ ಕತೆ. ಬ್ರಿಟಿಷರ ಸರ್ವೆಗಾಗಿ ವೇಷ ಮರೆಸಿಕೊಂಡು ಟಿಬೆಟ್ಟಿಗೆ ಹೋದ ಇವರು 1866ರ ಜನವರಿಯಲ್ಲಿ ಲ್ಹಾಸಾ ತಲುಪಿದರು. ಕುದಿಯುವ ನೀರಿನಲ್ಲಿ ಥರ್ಮಾಮೀಟರ್ ಅದ್ದಿ ಊರಿನ ಎತ್ತರ ಲೆಕ್ಕ ಹಾಕಿದರು. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋಗುವವರೂ ಇದನ್ನು ಮಾಡಬಹುದು. ಎರಡು ಕಡೆ ನೀರು ಕುದಿಸಿ, ವ್ಯತ್ಯಾಸವನ್ನು 300ರಿಂದ ಗುಣಿಸಿ. ನಿಜವಾದ ಎತ್ತರದ ಹತ್ತಿರಕ್ಕೇ ಬರುತ್ತೀರಿ.

ತುಂಬಾ ಎತ್ತರಕ್ಕೆ ಹೋದರೆ ಮನುಷ್ಯನ ರಕ್ತವೂ ಕುದಿಯುತ್ತಂತೆ, ನಿಜವಾ?

ಸುಮಾರು 19 ಕಿಲೋಮೀಟರ್ ಎತ್ತರದಲ್ಲಿ ಒತ್ತಡ 63 ಹೆಕ್ಟೋಪ್ಯಾಸ್ಕಲ್. ಅಲ್ಲಿ ನೀರು 37 ಡಿಗ್ರಿಗೆ, ಅಂದರೆ ಮೈಬಿಸಿಗೆ ಕುದಿಯುತ್ತದೆ. ಇದಕ್ಕೆ ಆರ್ಮ್‌ಸ್ಟ್ರಾಂಗ್ ಮಿತಿ ಅಂತ ಹೆಸರು. ಹೊರಗೆ ತೆರೆದುಕೊಂಡಿರುವ ಬಾಯಿಯ ಜೊಲ್ಲು, ಕಣ್ಣೀರು ಕುದಿಯುತ್ತವೆ. ರಕ್ತನಾಳದೊಳಗೆ ಒತ್ತಡ ಇರುವುದರಿಂದ ರಕ್ತ ಅಷ್ಟು ಬೇಗ ಕುದಿಯುವುದಿಲ್ಲ.

ಮನೆಯಲ್ಲಿ ಅಳೆದು ನೋಡಲು ಜ್ವರದ ಥರ್ಮಾಮೀಟರ್ ಆಗುತ್ತಾ?

ಖಂಡಿತ ಬೇಡ. ಅದರ ಅಳತೆ 42, 43 ಡಿಗ್ರಿಗೆ ಮುಗಿಯುತ್ತದೆ. ಕುದಿಯುವ ನೀರಿಗೆ ಹಾಕಿದರೆ ಗಾಜು ಒಡೆದು ಪಾದರಸ ಪಾತ್ರೆಗೆ ಬೀಳುತ್ತದೆ. ಡಿಜಿಟಲ್ ಆದರೆ ಅದೂ ಹಾಳು. ಶಾಲೆಯ ಪ್ರಯೋಗಾಲಯದಲ್ಲಿ 110 ಡಿಗ್ರಿವರೆಗೆ ಅಳೆಯುವ ಗಾಜಿನ ಥರ್ಮಾಮೀಟರ್ ಇರುತ್ತದೆ, ಅದನ್ನು ಕೇಳಿ ತನ್ನಿ. ಕಾರವಾರಕ್ಕೂ ಶಿರಸಿಗೂ ಒಂದೇ ಥರ್ಮಾಮೀಟರ್ ಒಯ್ಯಿರಿ. ಬೇರೆ ಬೇರೆ ಥರ್ಮಾಮೀಟರ್ ಆದರೆ ಅವುಗಳ ನಡುವೆಯೇ ಒಂದು ಡಿಗ್ರಿ ವ್ಯತ್ಯಾಸ ಇರಬಹುದು. ಬುರುಡೆ ಪಾತ್ರೆಯ ತಳಕ್ಕೆ ತಾಗದಿರಲಿ.